ಮೊದಲು ಐಬು ಹೇಳುತ್ತಿದ್ದ ಮಾರ್ಕರ್

ನಮ್ಮ ಓಣಿಯಲ್ಲಿ ಸುಳ್ಳು ಹೇಳದ ಮನುಷ್ಯ ಅಂತ ಇದ್ದವನು ಒಬ್ಬನೇ, ಅವನಿಂದ ಎಲ್ಲರಿಗೂ ತೊಂದರೆಯೇ. ಹೆಸರು ಉಚ್ಚೆಂಗಪ್ಪ. ನನ್ನ ಗೆಳತಿ ಹೊಳೆಮ್ಮನ ಅಪ್ಪ. ನಾನು ಕಾಕಾ ಅನ್ನುತ್ತಿದ್ದೆ. ನಮ್ಮಪ್ಪನದು ಹೊಸಪೇಟೆಯಲ್ಲಿ ಕಿರಾಣಿ ಅಂಗಡಿ. ಕಾಕಾ ಅಂಗಡಿಗೆ ಬಂದು ನಿಂತರೆ ಬೇಳೆ ಅಳೆಸಿಕೊಳ್ಳುತ್ತಿದ್ದ ಗಿರಾಕಿಗೆ, "ಮ್ಯಾಲಿಂದು ಚಲೋ ಐತಿ, ತಳದಾಗ ಹುಳಾ ಬಿದ್ದಾವ ನೋಡ್ರಿ" ಅಂದುಬಿಡುತ್ತಿದ್ದ. ಅದಕ್ಕೇ ನಮ್ಮಪ್ಪ ಯಾರಿದ್ದರೂ ಬಿಟ್ಟು ಮೊದಲು ಅವನ ಚೀಲ ತುಂಬಿ ಮನೆಗೆ ಸಾಗಹಾಕುತ್ತಿದ್ದರು. ಹಾಗೆಂದು ಅವನ ಮೇಲೆ ಸಿಟ್ಟಾಗಲೂ ಬರುತ್ತಿರಲಿಲ್ಲ, ಹೇಳಿದ್ದು ನಿಜವೇ ಇರುತ್ತಿತ್ತು.

ಅವನ ಕೆಲಸ ಡ್ಯಾಂ ರಸ್ತೆಯಲ್ಲಿದ್ದ ಆಫೀಸರುಗಳ ಕ್ಲಬ್ಬಿನಲ್ಲಿ. ಅಲ್ಲಿ ಬಿಲಿಯರ್ಡ್ಸ್ ಆಡುವ ಮೇಜು ಇತ್ತು. ನಮ್ಮ ಪಡಸಾಲೆಯನ್ನು ಅರ್ಧ ತುಂಬುವಷ್ಟು ದೊಡ್ಡದು, ಮೇಲೆ ಹಸಿರು ಬಟ್ಟೆ. ಉದ್ದನೆಯ ಕೋಲಿನಿಂದ ಚೆಂಡು ಹೊಡೆಯುವ ಆಟ. ಕಾಕಾ ಅಲ್ಲಿ ಮಾರ್ಕರ್. ಅಂಕ ಕೂಗುವವನು, ಚೆಂಡು ಜೋಡಿಸುವವನು, ಬಟ್ಟೆಗೆ ಬ್ರಷ್ ಹಾಕುವವನು, ಕೋಲಿನ ತುದಿಗೆ ಚರ್ಮದ ಟಿಪ್ಪು ಅಂಟಿಸುವವನು. ಸಾಹೇಬರು ಸೋತ ದಿನ ಬೈಸಿಕೊಳ್ಳುವವನೂ ಅವನೇ.

ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ದುಡ್ಡೂ ಹರಿಯಿತು. ಕಂಪ್ಲಿಯಲ್ಲಿ ಭತ್ತ, ಕಮಲಾಪುರದಲ್ಲಿ ಬಾಳೆ, ಸಂಡೂರಿನ ಗುಡ್ಡದಲ್ಲಿ ಅದಿರು. ಎಪ್ಪತ್ತರ ದಶಕಕ್ಕೆ ಬರುವ ಹೊತ್ತಿಗೆ ರೈಸ್ ಮಿಲ್ಲಿನವರಿಗೂ ಅದಿರು ಕಂಟ್ರಾಕ್ಟರುಗಳಿಗೂ ಇಂಜಿನಿಯರುಗಳು ಆಡುವ ಆಟ ತಾವೂ ಆಡಬೇಕೆಂಬ ಚಟ ಹತ್ತಿತು. ಮೇಜು ಮದರಾಸಿನಿಂದ ಲಾರಿಯಲ್ಲಿ ಬರುತ್ತಿತ್ತು. ಕೋಲು ಮಾತ್ರ ಉಚ್ಚೆಂಗಪ್ಪನ ಹತ್ತಿರವೇ ಆಗಬೇಕು. ವರ್ಗವಾಗಿ ಹೋಗುವ ಆಫೀಸರುಗಳಿಂದ ಹಳೆಯ ಕೋಲು ಕೊಳ್ಳುವುದು, ಸರಿಮಾಡಿ ಬೇಕಾದವರಿಗೆ ಮಾರುವುದು, ಇದು ಅವನ ಉಪಕಸುಬು.

ಕೋಲು ನೋಡುವುದರಲ್ಲಿ ಅವನಿಗೆ ಅವಸರವೇ ಇರಲಿಲ್ಲ. ಹಿಂದಿನ ದಪ್ಪ ಹಿಡಿಕೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಅವನ ಜೀವವೆಲ್ಲ ಮುಂದಿನ ಸಪೂರ ಭಾಗದಲ್ಲಿ. ಅದಕ್ಕೆ ಶಾಫ್ಟು ಅನ್ನುತ್ತಿದ್ದ. ಮೇಜಿನ ಮೇಲೆ ಉರುಳಿಸಿ, ತಲೆ ತಗ್ಗಿಸಿ, ಕೋಲಿಗೂ ಬಟ್ಟೆಗೂ ನಡುವೆ ಬೆಳಕು ಎಲ್ಲಿ ಇಣುಕುತ್ತದೆಂದು ನೋಡುವನು. ಒಂದು ಹಿತ್ತಾಳೆ ತಗಡಿಗೆ ಬೇರೆ ಬೇರೆ ಅಳತೆಯ ತೂತು ಕೊರೆಸಿಟ್ಟುಕೊಂಡಿದ್ದ. ತುದಿಯನ್ನು ಅದರಲ್ಲಿ ತೂರಿಸಿ ದಪ್ಪ ಹೇಳುವನು. ನಡುವೆ ಎಷ್ಟು ಸವೆದಿದೆ ಅನ್ನುವುದಕ್ಕೆ ದಾರ ಸುತ್ತಿ ನೋಡುವನು. ಆಮೇಲೆ ಹಿಡಿಕೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕಿವಿಗೊಡುವನು. ಕಾಲುವೆ ತುಂಬಿ ಹರಿಯುವ ತಿಂಗಳುಗಳಲ್ಲಿ ಏನು ಮಾಡಿದರೂ ಮಾರುತ್ತಿರಲಿಲ್ಲ. "ಗಾಳ್ಯಾಗ ತಂಪೈತ್ರಿ, ಕಟಿಗಿ ಖರೇ ಹೇಳಂಗಿಲ್ಲ. ಕಾಲುವಿ ಬಂದ್ ಆಗ್ಲಿ, ಆಮ್ಯಾಲೆ ಬರ್ರಿ" ಎಂದು ದೊಡ್ಡ ದೊಡ್ಡವರನ್ನೇ ವಾಪಸು ಕಳಿಸಿದ್ದುಂಟು.

ಒಮ್ಮೆ ಕಂಪ್ಲಿಯ ಮಿಲ್ ಮಾಲೀಕ ಅಂದಾನಪ್ಪನವರು ಕೋಲು ಕೊಳ್ಳಲು ಬಂದಿದ್ದರು. ನಾನೂ ಹೊಳೆಮ್ಮನೂ ಆಗ ಹೈಸ್ಕೂಲು. ಕಾಕಾನಿಗೆ ಬುತ್ತಿ ಒಯ್ದವರು ಕ್ಲಬ್ಬಿನ ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತುಕೊಂಡೆವು. ಕಾಕಾ ಒಂದು ಕೋಲನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಶುರು ಮಾಡಿದ.

"ಸಾವ್ಕಾರ್ರ, ಇದರ ಐಬು ಕೇಳ್ರಿ. ಶಾಫ್ಟು ನಡುವ ನೂಲೆಳಿಯಷ್ಟು ಬಾಗೈತಿ. ಹಿಂದಿನ ಸಾಹೇಬ್ರು ಕೈ ಬೆವರತೈತಿ ಅಂತ ಉಪ್ಪುಕಾಗದ ಹಚ್ಚಿ ತಿಕ್ಕಿ ತಿಕ್ಕಿ ಸಪೂರ ಮಾಡ್ಯಾರ. ತುದೀಗಿನ ಹಿತ್ತಾಳಿ ಉಂಗುರ ನಾ ಹಾಕಿದ್ದು, ಮೊದಲಿಂದಲ್ಲ."

ಅಂದಾನಪ್ಪನವರು ಗಹಗಹಿಸಿ ನಕ್ಕರು. "ಲೇ ಉಚ್ಚೆಂಗ್ಯಾ, ನೀ ಮಾರಾಕ ನಿಂತೀಯೋ, ಗಿರಾಕೀನ ಓಡಸಾಕ ನಿಂತೀಯೋ? ಒಂದರ ಚಲೋ ಮಾತು ಹೇಳಪಾ!"

"ಐಬು ಇಷ್ಟ ರೀ" ಎಂದ ಕಾಕಾ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಬಾಯಿಂದ ಹೊರಡಲಿಲ್ಲ. ಇವನೇ ಇಷ್ಟೇ ಐಬು ಅಂದ ಮೇಲೆ ಮಾಲು ಒಳ್ಳೆಯದೇ ಇರಬೇಕೆಂದು ಅವರು ಕೊಂಡುಕೊಂಡರು.

ತಮಾಷೆ ಆದದ್ದು ಆಮೇಲೆ. ನಾವು ಖಾಲಿ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿನ ಹತ್ತಿರ ಬಂದರೆ ಕಾಕಾ ಲುಂಗಿ ಎತ್ತಿಕಟ್ಟಿ ಕಂಪ್ಲಿ ಬಸ್ಸಿನ ಹಿಂದೆ ಓಡುತ್ತಿದ್ದಾನೆ. ಬಸ್ಸು ನಿಂತಿತು. ಕಿಟಕಿಗೆ ಬಾಯಿ ಹಚ್ಚಿ ಹೇಳಿದ: "ಸಾವ್ಕಾರ್ರ, ಆ ಬಾಗು ಕೆಳಗ ಬರೋಹಂಗ ಹಿಡೀರಿ, ಇಲ್ಲದಂಗ ಆಗತೈತಿ. ಸಪೂರ ಅಂದ್ನೆಲ್ಲ, ಮೆಲ್ಲಕ ಹೊಡಿಯೋ ಹೊಡತಕ್ಕ ಅದರಂಥಾದ್ದು ನಿಮಗ ಎಲ್ಲೂ ಸಿಗಂಗಿಲ್ರಿ, ಮಸ್ತ್ ಐತಿ. ಮಿಲ್ಲಿನ ಉಗಿ ಮಾತ್ರ ತಾಗಿಸಬ್ಯಾಡ್ರಿ!" ಕಂಡಕ್ಟರ್ ಬೈದು ಸೀಟಿ ಊದಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ಅವನ ಹುಚ್ಚು ಅಂದುಕೊಂಡೆವೇ ಹೊರತು ಅದರ ಹಿಂದೆ ಒಂದು ರೀತಿ ಇದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕೊಳ್ಳುವಾಗ ಅವನ ರೀತಿ ತಿರುಗಾಮುರುಗಾ. ಒಬ್ಬ ಇಂಜಿನಿಯರ ಹೆಂಡತಿ ಗಂಡನ ಹಳೇ ಕೋಲಿಗೆ ಬಾಗಿಲ ಪರದೆ ಇಳಿಬಿಟ್ಟಿದ್ದರು. ಬೇಕಾದರೆ ಒಯ್ಯಿ ಎಂದು ಅವರೇ ಅಂದರು. ಬೇರೆಯವರಾಗಿದ್ದರೆ ಬಗಲಲ್ಲಿ ಇಟ್ಟುಕೊಂಡು ಜಾಗ ಖಾಲಿ ಮಾಡುತ್ತಿದ್ದರು. ಇವನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಇದು ವಿಲಾಯತಿ ಮರ, ಎಳೆ ನೆಟ್ಟಗಿವೆ, ಪರದೆಯ ಭಾರಕ್ಕೂ ಬಾಗಿಲ್ಲ ಎಂದು ಅದರ ಗುಣವನ್ನೆಲ್ಲ ವರ್ಣಿಸಿದ. ಆಯಮ್ಮ ಗಾಬರಿಯಾಗಿ ಕೋಲನ್ನು ಒಳಗೆ ಒಯ್ದು ಬೀರುವಿನ ಹಿಂದೆ ಇಟ್ಟುಬಿಟ್ಟರು. ಬರಿಗೈಯಲ್ಲಿ ಬಂದ ಗಂಡನಿಗೆ ಸುಂಕಮ್ಮ ಕಾಕಿ ಆ ದಿನ ಊಟಕ್ಕೆ ಬಡಿಸಿದ್ದು ಬೈಗುಳದ ಜೊತೆಗೆ.

ಇಷ್ಟೆಲ್ಲ ಕೋಲಿಗೆ ಮಾತ್ರ ಇದ್ದಿದ್ದರೆ ನಾನು ಈ ಕತೆ ಹೇಳುವ ಕಾರಣವೇ ಇರುತ್ತಿರಲಿಲ್ಲ.

ಹೊಳೆಮ್ಮ ಎಡಚಿ. ಬರೆಯುವುದು, ಬಡಿಸುವುದು, ನೀರು ಸೇದುವುದು ಎಲ್ಲ ಎಡಗೈಯಲ್ಲೇ. ಚಿಕ್ಕವಳಿದ್ದಾಗ ಕಿವಿ ಸೋರಿ ಬಲಗಿವಿ ಮಂದವಾಗಿತ್ತು. ಇದು ನಮ್ಮ ಎರಡು ಮನೆಗಳಿಗೆ ಬಿಟ್ಟು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮಾತಾಡುವವರ ಕಡೆಗೆ ಸ್ವಲ್ಪ ಕುತ್ತಿಗೆ ಓರೆ ಮಾಡಿ ಎಡಗಿವಿ ಕೊಡುತ್ತಿದ್ದಳು, ನೋಡಿದವರು ನಾಚಿಕೆ ಅಂದುಕೊಳ್ಳುತ್ತಿದ್ದರು. ಆಕೆಗೆ ನಾಚಿಕೆಯೇ! ಸಿಟ್ಟು ಬಂದರೆ ಓಣಿಯ ಆ ತುದಿಗೆ ಕೇಳುತ್ತಿತ್ತು.

ಮರಿಯಮ್ಮನಹಳ್ಳಿಯಿಂದ ಹೆಣ್ಣು ನೋಡಲು ಬಂದರು. ಹುಡುಗನಿಗೆ ಸ್ವಂತ ಲಾರಿ ಇತ್ತು. ಸುಂಕಮ್ಮ ಕಾಕಿ ಹಿಂದಿನ ದಿನದಿಂದಲೇ ಚಾಪೆ ಎಲ್ಲಿ ಹಾಸಬೇಕು, ಹುಡುಗಿ ಯಾವ ಕಡೆ ಕುಳಿತರೆ ಎಡಗಿವಿ ಅವರ ಕಡೆ ಬರುತ್ತದೆ ಎಂದು ನನ್ನನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ನೋಡಿದ್ದಳು. ಬಲಗೈಯಲ್ಲೇ ತಟ್ಟೆ ಕೊಡೆಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದಳು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗನ ದೊಡ್ಡಪ್ಪ ಬಾಯಿ ಒರೆಸಿಕೊಂಡು, "ಹುಡುಗಿ ನಮಗ ಒಪ್ಪಿಗಿ ಆತು. ನಿಮ್ಮದೇನರ ಹೇಳೋದು ಐತೇನ್ರಿ?" ಎಂದು ವಾಡಿಕೆಗೆ ಕೇಳಿದ.

ಉಚ್ಚೆಂಗಪ್ಪ ಕಾಕಾ ಎರಡೂ ಅಂಗೈ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡ. ಕೋಲಿಗೂ ಅವನು ಕೈ ಹೀಗೇ ಇಡುತ್ತಿದ್ದ.

"ಕೇಳ್ರಿ. ಎಡಗೈ ಮುಂದು. ಇವತ್ತು ಬಲಗೈಲೆ ಕೊಟ್ಟಾಳ, ಅವರವ್ವ ಹೇಳ್ಯಾಳಂತ. ಸಿಟ್ಟು ಭಾಳ. ಅನ್ನ ತಳ ಹಿಡಸ್ತಾಳ. ಬಲಗಿವಿ ಮಂದ ಐತಿ, ಆ ಕಡಿ ನಿಂತು ಕರದ್ರ ಕೇಳಂಗಿಲ್ಲ."

ಒಳಗೆ ಸುಂಕಮ್ಮ ಕಾಕಿಯ ಕೈಯಿಂದ ತಂಬಿಗೆ ಬಿತ್ತು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿವಿಯ ಮಾತು ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆಂದು ಚಪ್ಪಲಿ ಮೆಟ್ಟಿ ಹೋದರು. ತಿಳಿಸಲಿಲ್ಲ. ಆದರೆ ದಾರಿಯುದ್ದಕ್ಕೂ ಊರೂರಿಗೆ ತಿಳಿಸಿದರು.

ಹೊಳೆಮ್ಮ ಅಳಲಿಲ್ಲ. ಅಪ್ಪನ ಎದುರಿಗೆ ಬಂದು ನಿಂತಳು. "ನಾನೇನು ಕೋಲೇನಪಾ? ಅದಕ್ಕರ ಕೊಂಡೋರ ಹಿಂದ ಓಡಿಹೋಗಿ ಹೊಗಳ್ತಿ. ನನ್ನೊಳಗ ಒಂದರ ಚಲೋದು ಕಾಣಲಿಲ್ಲೇನು ನಿನಗ?"

ಅವನು "ಇನ್ನ ಹೊತ್ತೈತವ್ವಾ" ಎಂದಷ್ಟೇ ಹೇಳಿ ಕ್ಲಬ್ಬಿಗೆ ಹೊರಟುಹೋದ. ನನಗೆ ಆ ಕ್ಷಣ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಹಿತ್ತಾಳೆ ತಗಡು ಕಸಿದು ಕಾಲುವೆಗೆ ಎಸೆಯಬೇಕೆನಿಸಿತು.

ಮರುದಿನ ಬಟ್ಟೆ ಒಗೆಯಲು ಕಾಲುವೆಗೆ ಹೋದಾಗ ಹೊಳೆಮ್ಮ ಕಲ್ಲಿನ ಮೇಲೆ ಅಪ್ಪನ ಅಂಗಿಯನ್ನು ಎಡಗೈಯಿಂದ ಬಡಿಬಡಿದು ನನಗೆ ಹೇಳಿದಳು: "ಮದಿವಿ ಆಗದಿದ್ರ ಹೋಗಲಿ ಪಂಪಿ, ಅದಲ್ಲ ನನಗ ಸಂಕಟ. ಹಡದಪ್ಪಗ ನನ್ನ ಬಗ್ಗೆ ಹೇಳಾಕ ಒಂದು ಚಲೋ ಮಾತಿಲ್ಲಲ್ಲ. ಅದನ್ನ ಅವನ ಬಾಯಿಲೆ ಕೇಳೋತನಕ ನಾ ಅವನ ಕೂಡ ಮಾತಾಡಂಗಿಲ್ಲ."

ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ. ಅಪ್ಪ ಎದುರಿಗೇ ಕುಳಿತಿದ್ದರೂ "ಯವ್ವಾ, ಊಟ ಆರಾಕತ್ತೈತಿ ಅಂತ ಹೇಳು" ಅನ್ನುವಳು. ಅವನು "ಉಪ್ಪು ಹಾಕು ಅಂತ ಹೇಳು" ಅನ್ನುವನು. ನಡುವೆ ಸುಂಕಮ್ಮ ಕಾಕಿ, "ನಾನೇನು ಪೋಸ್ಟ್‌ಮ್ಯಾನೇನ್ರಲೇ?" ಎಂದು ಇಬ್ಬರಿಗೂ ಬೈಯುವಳು. ಕಾಕಾ ಮಗಳನ್ನು ಒಂದು ದಿನವೂ ಒತ್ತಾಯಿಸಲಿಲ್ಲ. ಆದರೆ ಅವನು ಸೊರಗಿದ್ದು ನಮಗೆ ಕಾಣುತ್ತಿತ್ತು. ಅಂಗಡಿಗೆ ಬಂದರೆ ಬೇಳೆಯ ಹುಳುವಿನ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ನಮ್ಮಪ್ಪನೇ ಬೇಸರಪಟ್ಟರು.

ಹುಡುಗಿಯ ಕಿವಿ ಕೇಳುವುದಿಲ್ಲವಂತೆ ಎಂಬ ಮಾತು ಹಬ್ಬಿದ ಮೇಲೆ ಯಾರೂ ಅವರ ಮನೆ ಕಡೆ ತಲೆ ಹಾಕಲಿಲ್ಲ. ಮಳೆಗಾಲ ಕಳೆಯಿತು, ಸುಗ್ಗಿ ಕಳೆಯಿತು. ಒಂದು ದಿನ ಕಮಲಾಪುರದಿಂದ ಜಂಬವ್ವ ಎಂಬ ಹೆಂಗಸು ಮಗ ಹನುಮಣ್ಣನನ್ನು ಕರೆದುಕೊಂಡು, ಯಾರಿಗೂ ಹೇಳದೆ ಕೇಳದೆ ಬಾಳೆಗೊನೆ ಹೊರಿಸಿಕೊಂಡು ಬಂದಳು. ಕಾಲುವೆ ಕೆಳಗೆ ಬಾಳೆ ತೋಟ ಮಾಡಿಕೊಂಡಿದ್ದ ಗಟ್ಟಿಗಿತ್ತಿ. ಗೋಡೆಗೆ ಒರಗಿ ಕುಳಿತವಳೇ ಶುರು ಮಾಡಿದಳು.

"ಉಚ್ಚೆಂಗಪ್ಪಣ್ಣಾ, ನಿನ್ನ ಮಗಳ ಐಬೆಲ್ಲಾ ಬಸ್ಸಿನ್ಯಾಗ ಕೇಳೇವಿ, ಇನ್ನೊಮ್ಮೆ ಹೇಳಬ್ಯಾಡ. ಬ್ಯಾರೆ ಮನ್ಯಾಗ ಹೆಣ್ಣು ತಂದ್ರ ಐಬು ಹುಡುಕೋದು ನಮ್ಮ ಕೆಲಸ ಆಗತೈತಿ. ನೀ ಅದನ್ನ ಮುಗಿಸಿಕೊಟ್ಟಿ, ಚಲೋ ಆತು. ಈಗ ನಮ್ಮ ಹುಡುಗನ್ದು ಕೇಳು. ಸಾಲಿ ಅರ್ಧಕ್ಕ ಬಿಟ್ಟಾನ. ಬೀಡಿ ಸೇದತಾನ, ನನಗ ಗೊತ್ತಿಲ್ಲ ಅನ್ಕೊಂಡಾನ. ಮಾತು ಭಾಳ ಕಡಿಮಿ. ನಿದ್ದಿ ಹತ್ತಿದ್ರ ತೋಟಕ್ಕ ದನ ನುಗ್ಗಿದ್ರೂ ಏಳಂಗಿಲ್ಲ."

ಹನುಮಣ್ಣ ಕಿವಿಯವರೆಗೂ ಕೆಂಪಾದ. ಕಾಕಾನ ಮುಖ ಮಾತ್ರ ಅರಳಿತು. ಎಷ್ಟೋ ದಿನಗಳ ಮೇಲೆ ತನ್ನ ಭಾಷೆ ಆಡುವವರು ಸಿಕ್ಕಂತೆ ಮುಂದೆ ಸರಿದು ಕುಳಿತ. ಈಗ ಅವನು ತೆಗೆದುಕೊಳ್ಳುವವನು. ಆದ್ದರಿಂದ ಗುಣ ಹೇಳುವ ಸರದಿ ಅವನದು.

"ಹಂಗನಬ್ಯಾಡ ತಂಗಿ. ಒಳಗ ಬರೂಮುಂದ ಹುಡುಗ ತನ್ನ ಚಪ್ಪಲಿ ಜೊತಿಗೆ ನಿನ್ನವೂ ಬಿಸಿಲಿಂದ ತಗದು ನೆರಳಿಗಿಟ್ಟ. ಗೊನಿ ಇಳಸೂಮುಂದ ಕಾಯಿ ಜಜ್ಜದಂಗ ಮ್ಯಾಲೆ ಮಾಡಿಟ್ಟ. ಮಾತು ಕಡಿಮಿ ಇದ್ರೇನಾತು, ಕೈಗೆ ತಿಳುವಳಿಕಿ ಐತಿ. ಚಲೋ ಹುಡುಗ."

ಬಾಗಿಲ ಹಿಂದೆ ನಿಂತಿದ್ದ ಹೊಳೆಮ್ಮ ನನ್ನ ತೋಳು ಹಿಡಿದಿದ್ದಳು. ಬಳೆ ಒಡೆಯುವಷ್ಟು ಬಿಗಿಯಾಗಿ ಒತ್ತಿದಳು. "ಕೇಳಿದೇನು? ಈಗ ಬಂದೋನ ಗುಣ ಕಂಡುವು ಅವಗ" ಎಂದಳು. ಆಗ ಅವಳ ಕಣ್ಣಲ್ಲಿ ನೀರು ಬಂತು. ಹುಡುಗ ಅವಳಿಗೆ ಮನಸ್ಸಿಗೆ ಬಂದಿದ್ದ, ಒಪ್ಪಿದಳು. ಅಪ್ಪನ ಜೊತೆಗಿನ ಮೌನ ಮಾತ್ರ ಇನ್ನಷ್ಟು ಗಟ್ಟಿಯಾಯಿತು.

ಬೇಸಿಗೆಯಲ್ಲಿ, ಕಾಲುವೆ ಬಂದ್ ಆದ ಮೇಲೆ ಮದುವೆ. ಕ್ಲಬ್ಬಿನ ಹಿಂದಿನ ಬಯಲಿನಲ್ಲಿ ಚಪ್ಪರ. ಅಕ್ಕಿಕಾಳು ಬಿತ್ತು, ಊಟವಾಯಿತು, ಹೆಣ್ಣು ಒಪ್ಪಿಸಿಕೊಡುವ ಹೊತ್ತು ಬಂತು. ತಾಯಿತಂದೆ ಮಗಳ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ನಾಲ್ಕು ಮಾತು ಹೇಳುತ್ತಾರಲ್ಲ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರಲ್ಲ, ಆ ಹೊತ್ತು. ಹೊಳೆಮ್ಮ ಮೊದಲ ಸಲ ತಲೆ ಎತ್ತಿ ಅಪ್ಪನನ್ನು ನೇರವಾಗಿ ನೋಡಿದಳು. ಅವಳು ಏನು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಸುಂಕಮ್ಮ ಕಾಕಿಗೂ ಗೊತ್ತಿತ್ತು. ಕಾಕಾ ಮಗಳ ಕೈ ತೆಗೆದು ಜಂಬವ್ವನ ಕೈಯಲ್ಲಿಟ್ಟ. ತುಟಿ ಬಿಚ್ಚಲಿಲ್ಲ. ಹಿಂದೆ ಸರಿದು ನಿಂತುಬಿಟ್ಟ.

ಹೊಳೆಮ್ಮ ಸೆರಗು ಎಳೆದುಕೊಂಡು ನಡೆದಳು. ಹೊರಗೆ ಕಮಲಾಪುರದ ಟ್ರ್ಯಾಕ್ಟರು ಗುಡುಗುಡು ಅನ್ನುತ್ತ ನಿಂತಿತ್ತು. ಹಿಂದಿನ ಟ್ರೇಲರಿನಲ್ಲಿ ಚಾಪೆ ಹಾಸಿ ಮದುಮಕ್ಕಳನ್ನು ಕೂರಿಸಿದರು. ಜಂಬವ್ವ ಪಕ್ಕದಲ್ಲಿ ಕುಳಿತಳು. ನಾನು ಗಾಲಿಯ ಹತ್ತಿರ ನಿಂತು ಹೊಳೆಮ್ಮನ ಕೈ ಹಿಡಿದುಕೊಂಡಿದ್ದೆ. ಟ್ರ್ಯಾಕ್ಟರು ಹೊರಟಿತು, ನಾಲ್ಕು ಮಾರು ಹೋಯಿತು, ನಾನೂ ಜೊತೆಗೇ ಹೆಜ್ಜೆ ಹಾಕಿದೆ.

ಆಗ ಕಾಕಾ ಓಡಿಬಂದ. ಹೊಸ ಪಂಚೆ ಎತ್ತಿಕಟ್ಟಿಕೊಂಡು, ಕಂಪ್ಲಿ ಬಸ್ಸಿನ ಹಿಂದೆ ಓಡಿದ ಹಾಗೆಯೇ. "ನಿಂದ್ರಿಸ್ರಿ! ನಿಂದ್ರಿಸ್ರಿ!" ಟ್ರ್ಯಾಕ್ಟರು ನಿಂತಿತು. ಟ್ರೇಲರಿನ ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಏದುಸಿರು ಬಿಡುತ್ತ, ಜಂಬವ್ವನಿಗೂ ಹನುಮಣ್ಣನಿಗೂ ಹೇಳತೊಡಗಿದ.

"ಈಗ ಕೊಟ್ಟಾತು. ಈಗ ಹೇಳಬೇಕು. ಎಡಚಿ ಅಂದಿದ್ನೆಲ್ಲ, ಅವರವ್ವನ ಬಲಗೈ ಮುರದಿತ್ತು. ಎಡಗೈಲೆ ರೊಟ್ಟಿ ಬಡಿಯೋದು ಅವ್ವಗ ಕಲಿಸಿದಾಕಿ ಈಕಿ. ಅನ್ನ ತಳ ಹಿಡಸ್ತಾಳ, ಖರೆ. ಬಾಗಿಲಿಗೆ ಬಂದೋರ್ನ ಮಾತಾಡಿಸದ ಕಳಸಂಗಿಲ್ಲ, ಅದಕ್ಕ. ಹಿಡದಿದ್ದು ತಾನ ತಿಂತಾಳ, ಚಲೋದು ನಿಮಗ ಹಾಕ್ತಾಳ. ನೀವ ನೋಡಿ ಬಡಸ್ರಿ. ಸಿಟ್ಟು ಬಂದ್ರ ಬೈದು ಮುಗಸ್ತಾಳ, ಹೊಟ್ಟ್ಯಾಗ ಇಟ್ಕೊಳ್ಳಂಗಿಲ್ಲ. ನನ್ನ ಮ್ಯಾಲೆ ಒಂದ ಸಲ ಇಟ್ಕೊಂಡಾಳ, ಅದು ಆಕಿ ತಪ್ಪಲ್ಲ."

ಹಲಗೆಗೆ ಇನ್ನಷ್ಟು ಹತ್ತಿರ ಸರಿದ.

"ಇನ್ನ ಕಿವಿ. ಮನ್ಯಾಗ ಯಾರಿಗರ ಜಡ್ಡಾದ್ರ ಈಕಿ ಬಲಕ್ಕ ಹೊಳ್ಳಿ ಮಲಗತಾಳ. ಮಂದ ಕಿವಿ ದಿಂಬಿಗೆ, ಚಲೋ ಕಿವಿ ಮ್ಯಾಲೆ. ಯಾರರ ನರಳಿದ್ರ ಕೇಳಬೇಕಂತ. ಹೋದ ಛಳಿಗಾಲದಾಗ ನಾ ಕೆಮ್ಮಿದಾಗೆಲ್ಲ ನೀರಿನ ಚಂಬು ನನ್ನ ತಲಿ ಕಡೆ ಬಂದಿರತಿತ್ತು. ಮಾತು ಬಿಟ್ಟಿದ್ಲು ನನ್ನ ಕೂಡ, ಆದ್ರೂ ಹಂಗ ಮಲಗತಿದ್ಲು. ನಾ ನೋಡೇನಿ. ದಿನಾ ನೋಡೇನಿ."

ಜಂಬವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹಿಂದೆ ನಿಂತ ಸುಂಕಮ್ಮ ಕಾಕಿ ಅಳುತ್ತಲೇ ಬೈದಳು: "ಇದನ್ನ ಅವತ್ತ ಬೊಗಳಿದ್ರ ನಿನ್ನ ಗಂಟೇನು ಹೋಗತಿತ್ತು?"

"ಕೊಡೋಕಿಂತ ಮೊದಲ ಹೇಳಿದ್ರ ಮಗಳ್ನ ಮಾರಿದಂಗ ಆಗತಿತ್ತಲ್ಲೇ" ಎಂದ ಕಾಕಾ.

ಟ್ರ್ಯಾಕ್ಟರು ಇನ್ನೂ ಗುಡುಗುಡು ಅನ್ನುತ್ತಲೇ ಇತ್ತು. ಹೊಳೆಮ್ಮ ಹಲಗೆಯ ಮೇಲಿದ್ದ ಅಪ್ಪನ ಕೈ ಮೇಲೆ ತನ್ನ ಎಡಗೈ ಇಟ್ಟಳು. ಮುಖ ತೊಯ್ದು ಅರಿಶಿನ ಕದಡಿತ್ತು.

"ಅಪ್ಪಾ, ಗಾಡಿ ಸಪ್ಪಳದಾಗ ನನಗ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಹೇಳು."

ಜಂಬವ್ವ ಡ್ರೈವರನಿಗೆ ಎಂಜಿನ್ ಬಂದ್ ಮಾಡಲು ಕೂಗಿದಳು. ಉಚ್ಚೆಂಗಪ್ಪ ಕಾಕಾ ಕಣ್ಣೊರೆಸಿಕೊಂಡು ಎಡಗೈಯ ಮಾತಿನಿಂದ ಮತ್ತೆ ಶುರು ಮಾಡಿದ. ನಾನು ಪಕ್ಕದಲ್ಲೇ ಇದ್ದೆ. ಮೊದಲ ಸಲ ಹೇಳುವಾಗಲೂ ಅವಳು ಕುತ್ತಿಗೆ ಓರೆ ಮಾಡಿ ಎಡಗಿವಿಯನ್ನು ಅವನ ಕಡೆಗೇ ಕೊಟ್ಟು ಕುಳಿತಿದ್ದಳು.